ಒಲೆಯ ಮುಂದೆ ನಿಲ್ಲುವವಳಿಗೆ ಎಂಥ ಸಮವಸ್ತ್ರ?

ಊಟದ ಮೆಸ್ಸು, ರೊಟ್ಟಿ ಖಾನಾವಳಿ, ತಿಂಡಿ ಹೋಟೆಲು ಇವನ್ನೆಲ್ಲ ನಡೆಸುವ ಗೃಹಿಣಿಯರು ಈಗ ಸಣ್ಣ ಊರುಗಳಲ್ಲೂ ಕಡಿಮೆಯೇನಿಲ್ಲ. ಮೊದಲು ಮನೆಯ ಪಡಸಾಲೆಯಲ್ಲಿ ನಾಲ್ಕು ಜನಕ್ಕೆ ಊಟ ಹಾಕಿ ಶುರುವಾದದ್ದು, ಬರಬರುತ್ತ ಒಂದು ಮಳಿಗೆ, ಆರು ಮೇಜು, ಆರೇಳು ಮಂದಿ ಕೆಲಸದವರು ಅಂತ ಬೆಳೆದುಬಿಡುತ್ತದೆ. ಆಗ ಮನೆಯವರು ಹೇಳುತ್ತಾರೆ, "ಎಲ್ಲರಿಗೂ ಒಂದೇ ಥರದ ಬಟ್ಟೆ ಹೊಲಿಸೋಣ ಕಣೇ, ನೋಡೋಕೆ ಲಕ್ಷಣವಾಗಿರುತ್ತೆ." ಬಟ್ಟೆ ಆರಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಸೀರೆ ಆರಿಸಿ ಆರಿಸಿ ಪಳಗಿದ ಕೈ ತಾನೇ!

ಆದರೆ ಇದು ಸೀರೆ ಆರಿಸಿದಂತಲ್ಲ. ಗಲ್ಲಾದ ಹಿಂದೆ ಕೂತವರಿಗೆ ಕಾಣುವುದು ಬಣ್ಣ, ಇಸ್ತ್ರಿ. ಒಲೆಯ ಮುಂದೆ ನಿಂತವಳಿಗೆ ಗೊತ್ತಾಗುವುದು ಸೆಕೆ, ಬೆವರು, ಎಣ್ಣೆಯ ಸಿಡಿತ. ಬಟ್ಟೆ ಕೊಳ್ಳಲು ಹೊರಡುವ ಮೊದಲು ಒಂದು ಮಧ್ಯಾಹ್ನ, ಊಟದ ಗಲಾಟೆಯ ಹೊತ್ತಿನಲ್ಲಿ, ನಿಮ್ಮದೇ ಅಡುಗೆಮನೆಯ ಮೂಲೆಯಲ್ಲಿ ಕಾಲು ಗಂಟೆ ಸುಮ್ಮನೆ ನಿಂತು ನೋಡಿ. ಬೇಕಾದ ಬಟ್ಟೆ ಯಾವುದೆಂದು ಅರ್ಧ ಅಲ್ಲಿಯೇ ತಿಳಿಯುತ್ತದೆ.

ಮೊದಲನೆಯದಾಗಿ ನೂಲಿನ ಮಾತು. ಅಂಗಡಿಯವನು ಟೆರಿಕಾಟ್ ತೋರಿಸುತ್ತಾನೆ. "ಸುಕ್ಕಾಗಲ್ಲ ಅಕ್ಕ, ಬಣ್ಣ ಹೋಗಲ್ಲ, ಒಗೆದರೆ ಗಂಟೆಯಲ್ಲಿ ಒಣಗುತ್ತೆ" ಅನ್ನುತ್ತಾನೆ. ಅವನು ಹೇಳುವುದೆಲ್ಲ ನಿಜವೇ. ಊಟ ಬಡಿಸುವವರಿಗೆ, ಗಲ್ಲಾದಲ್ಲಿ ಕೂರುವವರಿಗೆ ಅದು ನಡೆಯುತ್ತದೆ. ಬೆಂಕಿಯ ಹತ್ತಿರ ಮಾತ್ರ ಬೇಡವೇ ಬೇಡ. ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿ ಸೆಂಟಿಗ್ರೇಡ್ ಬಿಸಿಗೆ ಕರಗುತ್ತದೆ. ಗ್ಯಾಸಿನ ಉರಿ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಕರಗಿದ್ದು ಮೇಣದಂತೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ಬೆರೆತಿದೆಯಲ್ಲ ಅಂತ ಸಮಾಧಾನ ಪಡುವಂತಿಲ್ಲ. ಹತ್ತಿಯ ಎಳೆ ಉರಿಯುತ್ತ, ಕರಗಿದ ಪಾಲಿಯೆಸ್ಟರನ್ನು ಹಿಡಿದಿಟ್ಟುಕೊಂಡು ಅದನ್ನೂ ಉರಿಸುತ್ತದೆ. ಬರಿಯ ಹತ್ತಿಗೂ ಬೆಂಕಿ ಹತ್ತುತ್ತದೆ, ಇಲ್ಲವೆಂದಲ್ಲ. ಆದರೆ ದಪ್ಪ ನೇಯ್ಗೆಯ ಹತ್ತಿ ನಿಧಾನಕ್ಕೆ ಹತ್ತಿಕೊಳ್ಳುತ್ತದೆ, ಮೈಗೆ ಕರಗಿ ಅಂಟುವುದಿಲ್ಲ, ಕಿತ್ತೆಸೆಯಲು ಒಂದು ಕ್ಷಣ ಸಿಗುತ್ತದೆ. ಆ ಒಂದು ಕ್ಷಣಕ್ಕೆ ಎಷ್ಟು ಬೆಲೆ ಅನ್ನುವುದನ್ನು ನೈಲಾನ್ ಸೀರೆ, ಸೀಮೆಎಣ್ಣೆ ಸ್ಟೌವಿನ ಕಾಲ ಕಂಡ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯವನ "ಪ್ಯೂರ್ ಕಾಟನ್" ಮಾತನ್ನು ಮನೆಯಲ್ಲೇ ಪರೀಕ್ಷಿಸಬಹುದು. ತುಣುಕಿನಿಂದ ಅಡ್ಡ ಒಂದು ಎಳೆ, ಉದ್ದ ಒಂದು ಎಳೆ ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಬೆಂಕಿಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಇದ್ದರೆ ಮುದುಡಿ ಕರಗಿ, ಆರಿದ ಮೇಲೆ ತುದಿಯಲ್ಲಿ ಕಪ್ಪು ಮಣಿಯಂಥ ಗಟ್ಟಿ ಗುಂಡು ಉಳಿಯುತ್ತದೆ. ಎರಡೂ ಎಳೆ ಸುಟ್ಟು ನೋಡಿ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಬೇರೆ ನೂಲು ಹಾಕಿ ನೇಯುವುದೂ ಉಂಟು.

ಒಗೆಯದ ಹೊಸ ಹತ್ತಿಬಟ್ಟೆ ಮೊದಲ ಒಗೆತಕ್ಕೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗಬಹುದು, ಕೋರಾ ಬಟ್ಟೆಯಾದರೆ ಇನ್ನೂ ಹೆಚ್ಚು. ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ ಒಣಗಿಸಿಯೇ ದರ್ಜಿಯ ಕೈಗೆ ಕೊಡಿ.

ಇನ್ನು ಬಣ್ಣ. "ಕಡುಕಂದು ತಗೊಳ್ಳಿ, ಕೊಳೆ ಕಾಣಲ್ಲ" ಅನ್ನುವವರು ಹತ್ತು ಜನ ಸಿಗುತ್ತಾರೆ. ಕೊಳೆ ಕಾಣದಿರುವುದು ಬೇರೆ, ಕೊಳೆ ಇಲ್ಲದಿರುವುದು ಬೇರೆ ಅಲ್ಲವೇ? ಕಡುಬಣ್ಣದ ಅಂಗಿ ಮೂರು ದಿನ ಒಗೆಯದೆ ನಡೆಯುತ್ತದೆ, ಅದೇ ಅದರ ದೋಷ. ನನ್ನನ್ನು ಕೇಳಿದರೆ ಮೇಲಂಗಿ, ಏಪ್ರನ್ನು ತಿಳಿಬಣ್ಣದ್ದೇ ಇರಲಿ. ತೀರ ಬಿಳಿಯೇ ಬೇಕೆಂದಿಲ್ಲ. ಕೆನೆಬಣ್ಣ, ತಿಳಿನೀಲಿ, ತಿಳಿಹಸಿರು ಚೆನ್ನಾಗಿ ಒಪ್ಪುತ್ತವೆ. ಸಾರಿನ ಅರಿಸಿನದ ಕಲೆಗೆ ಸೋಪು ತಾಗಿದ ಕೂಡಲೆ ಕೆಂಪಾಗುತ್ತದೆ ಅಂತ ಹೆದರಬೇಡಿ. ಎಣ್ಣೆಯ ಜಿಡ್ಡು ಹೋಗುವಷ್ಟು ಸೋಪು ಹಾಕಿ ಒಗೆದು, ಚುರುಕು ಬಿಸಿಲಿಗೆ ಹರವಿ; ಅರಿಸಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ಎರಡು ಮೂರು ಸಲಕ್ಕೆ ಮಾಸಿಹೋಗುತ್ತದೆ. ತೆಳುವಾಗಿ ಅಕ್ಕಿಗಂಜಿ ಹಾಕಿಟ್ಟರೆ ಕಲೆ ನೂಲಿಗೆ ಇಳಿಯುವ ಮೊದಲು ಗಂಜಿಗೆ ಹತ್ತುತ್ತದೆ, ಒಗೆದಾಗ ಗಂಜಿಯ ಜೊತೆಗೇ ಬಿಡುತ್ತದೆ. ಬ್ಲೀಚಿಂಗ್ ಪೌಡರನ್ನು ಪದೇ ಪದೇ ಹಾಕಿದರೆ ಕಲೆಯ ಜೊತೆಗೆ ಬಟ್ಟೆಯ ಆಯಸ್ಸೂ ಹೋಗುತ್ತದೆ.

ಆದರೆ ಹೆಣ್ಣುಮಕ್ಕಳಿಗೆ ಕೆಳಗಿನ ಉಡುಪು, ಸೀರೆಯಾಗಲಿ ಸಲ್ವಾರಾಗಲಿ, ಬಿಳಿ ಬೇಡ. ತಿಂಗಳ ದಿನಗಳಲ್ಲಿ ಬಿಳಿ ಸೀರೆ ಉಟ್ಟು ಹತ್ತು ಗಂಟೆ ಜನರ ಮಧ್ಯೆ ಓಡಾಡುವುದು ಎಂಥ ಶಿಕ್ಷೆ ಅಂತ ನಿಮಗೆ ನಾನು ಹೇಳಬೇಕೆ? ಗಂಡಸರು ಕೂತು ಆರಿಸಿದಾಗ ಈ ಮಾತು ಯಾರ ತಲೆಗೂ ಹೊಳೆಯುವುದಿಲ್ಲ. ಕೆಲಸದವಳು ಬಾಯಿಬಿಟ್ಟು ಹೇಳುವುದೂ ಇಲ್ಲ. ಮೇಲೆ ತಿಳಿ, ಕೆಳಗೆ ಕಡು. ತೆಳು ಬಟ್ಟೆ ಬೆವರಿಗೆ ಒದ್ದೆಯಾದರೆ ಮೈ ಕಾಣುತ್ತದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಈಚೆಗೆ ಕೆಲವು ರೊಟ್ಟಿ ಊಟದ ಕಡೆ ಬಡಿಸುವ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಉಡಿಸುವುದುಂಟು. ನೋಡಲು ಹಬ್ಬವೇ ಸರಿ. ಬಡಿಸುವಲ್ಲಿಗೆ ಅದು ಚಂದ. ರೊಟ್ಟಿ ಬೇಯಿಸುವವಳಿಗೂ ಅದೇ ಬೇಕು ಅಂತ ಹಟ ಹಿಡಿಯಬೇಡಿ. ಕೃತಕ ರೇಷ್ಮೆಯ ಸೆರಗು ಹಂಚಿನ ಮೇಲೆ ಜಾರಿದರೆ ಏನಾದೀತು, ಯೋಚಿಸಿ. ಸೀರೆಯೇ ಉಡುವವಳಿದ್ದರೆ ಹತ್ತಿ ಸೀರೆಯ ಮೇಲೆ ಮೊಣಕಾಲಿನವರೆಗೆ ಬರುವ, ಮೊಣಕೈ ಮೀರದ ತೋಳಿನ ಹತ್ತಿಯ ಕೋಟು ಹಾಕಿಸಿ. ಸೆರಗು ಅದರೊಳಗೆ ಅಡಗುತ್ತದೆ. ಹೊಲಿಗೆಯ ನೂಲು ಹತ್ತಿಯದೇ ಇರಲಿ. ಪಿನ್ನು ಬೇಡ, ಗುಂಡಿಯೇ ಸಾಕು. ಪಿನ್ನು ಬಿದ್ದರೆ ಹುಳಿಯಲ್ಲಿ ಯಾರು ಹುಡುಕುತ್ತಾರೆ? ಎದೆಯ ಮೇಲೆ ಜೇಬೂ ಬೇಡ, ಬಗ್ಗಿದಾಗ ಪೆನ್ನು, ಚಿಲ್ಲರೆ ನೇರ ಪಾತ್ರೆಗೇ ಬೀಳುತ್ತವೆ. ಪಕ್ಕದಲ್ಲಿ ಒಂದು ಜೇಬು ಮಾತ್ರ ಖಂಡಿತ ಇರಲಿ. ಬಸ್ಸಿನ ದುಡ್ಡು, ಮನೆಯ ಬೀಗದ ಕೈ ಅವಳೆಲ್ಲಿ ಇಟ್ಟುಕೊಳ್ಳಬೇಕು? ಏಪ್ರನ್ನಿನ ಲಾಡಿ ಒಂದೇ ಎಳೆತಕ್ಕೆ ಬಿಚ್ಚುವಂತೆ ಕಟ್ಟಲು ಹೇಳಿಕೊಡಿ.

ಕೂದಲಿಗೆ ಹತ್ತಿಯ ಟೋಪಿ ಅಥವಾ ತಲೆವಸ್ತ್ರ. 2011ರ ಆಹಾರ ಸುರಕ್ಷತೆಯ ನಿಯಮಗಳಲ್ಲೂ ಅಡುಗೆಯವರಿಗೆ ಶುಚಿಯಾದ ಹೊದಿಕೆಬಟ್ಟೆ, ತಲೆಯ ಮೇಲೆ ಮುಚ್ಚಳಿಕೆ ಇರಬೇಕೆಂದಿದೆ. ಆಹಾರಕ್ಕೆ ಬೀಳುವಂಥ ಸಡಿಲ ಒಡವೆ ಕೂಡದು ಎಂದೂ ಇದೆ. ಇಲ್ಲೇ ಒಂದು ಸೂಕ್ಷ್ಮ ಬರುತ್ತದೆ. ಗಾಜಿನ ಬಳೆ ಒಡೆದು ಚೂರು ಹಿಟ್ಟಿಗೆ ಸೇರಬಾರದು, ನಿಜ. ಆದರೆ ಮುತ್ತೈದೆಗೆ ಹತ್ತು ಜನರೆದುರು "ಬಳೆ ತೆಗಿ" ಅಂದರೆ ಅವಳ ಮನಸ್ಸು ಏನಾಗುತ್ತದೆ? ಪಕ್ಕಕ್ಕೆ ಕರೆದು, ಕಾರಣ ಹೇಳಿ, ಬಳೆ ತೆಗೆದಿಡಲು ಬೀಗವಿರುವ ಒಂದು ಸಣ್ಣ ಡಬ್ಬಿ ಅವಳದೇ ಅಂತ ಕೊಡಿ. ತಾಳಿ ಕುಪ್ಪಸದೊಳಗೆ ಇರುತ್ತದೆ, ಕುಂಕುಮ ಹಣೆಯ ಮೇಲಿರುತ್ತದೆ. ಅವಕ್ಕೆ ಯಾರ ಅಡ್ಡಿಯೂ ಇಲ್ಲ.

ಉಡುವವರನ್ನು ಕೇಳದೆ ಆರಿಸಿದ ಸಮವಸ್ತ್ರ ಹೊರೆಯಾಗುತ್ತದೆ. ಕೇಳಿ ಆರಿಸಿದ್ದಾದರೆ ಅದರ ಗತ್ತೇ ಬೇರೆ. ಇಂಡಿಯನ್ ಕಾಫಿ ಹೌಸಿನವರನ್ನು ನೀವು ನೋಡಿರಬಹುದು: ಬಿಳಿ ಉಡುಪು, ಸೊಂಟಕ್ಕೆ ಅಗಲ ಪಟ್ಟಿ, ತಲೆಯ ಮೇಲೆ ಬೀಸಣಿಗೆಯಂಥ ತುರಾಯಿಯ ಪೇಟ. ಅದು ಬ್ರಿಟಿಷರ ಕಾಲದ ಊಳಿಗದವರ ವೇಷ. ಕಾಫಿ ಬೋರ್ಡು ಆ ಅಂಗಡಿಗಳನ್ನು ಮುಚ್ಚಹೊರಟಾಗ, ಎ.ಕೆ. ಗೋಪಾಲನ್ ಅವರ ಮುಂದಾಳತನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ. ಸ್ವಂತದ್ದಾದ ಮೇಲೂ ಪೇಟವನ್ನು ಬಿಡಲಿಲ್ಲ. ಧಣಿ ತೊಡಿಸಿದ ಪೇಟವನ್ನು ತಾವೇ ಧಣಿಗಳಾಗಿ ತೊಟ್ಟಾಗ ಅದರ ಅರ್ಥವೇ ಬದಲಾಯಿತು ಅಂತ ನನಗನ್ನಿಸುತ್ತದೆ.

ಖರ್ಚಿನ ಲೆಕ್ಕಕ್ಕೆ ಬರೋಣ. ಅಡುಗೆಗೆ ಇಬ್ಬರು ಹೆಂಗಸರು, ಉಳಿದಂತೆ ದೋಸೆಯವನು, ಇಬ್ಬರು ಸಪ್ಲೈಯರ್, ಒಬ್ಬ ಕ್ಲೀನರ್ ಅಂತಿಟ್ಟುಕೊಳ್ಳಿ. ತಲೆಗೆ ಮೂರು ಜೊತೆ ಬೇಕೇ ಬೇಕು: ಮೈಮೇಲೊಂದು, ನೀರಲ್ಲೊಂದು, ಹಗ್ಗದ ಮೇಲೊಂದು. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ನಾಲ್ಕಿದ್ದರೂ ಹೆಚ್ಚಲ್ಲ. 36 ಇಂಚು ಪನ್ನದ ಬಟ್ಟೆಯಲ್ಲಿ ಅರೆತೋಳಿನ ಅಂಗಿಗೆ ಸುಮಾರು ಎರಡೂಕಾಲು ಮೀಟರ್, ಹೆಂಗಸರ ಕೋಟಿಗೆ ಎರಡೂವರೆ. ಮೂರು ಜೊತೆಯಂತೆ ಅಂಗಿಗಳಿಗೆ 27, ಕೋಟುಗಳಿಗೆ 15, ಒಟ್ಟು 42 ಮೀಟರ್. ಕುಗ್ಗುವುದಕ್ಕೆಂದು ಇನ್ನೆರಡು ಮೀಟರ್ ಸೇರಿಸಿ. ಏಪ್ರನ್ನಿಗೆ ಒಂದೊಂದು ಮೀಟರ್ ಬೇರೆ. ಇಡೀ ಥಾನನ್ನೇ ಕೊಂಡರೆ ದರದಲ್ಲಿ ಚೌಕಾಶಿಗೂ ಅನುಕೂಲ, ಮುಂದೆ ತೇಪೆಗೂ ಅದೇ ಬಣ್ಣ ಸಿಗುತ್ತದೆ. ಎಲ್ಲರಿಗೂ ಒಂದೇ ಅಳತೆಯ ಸಿದ್ಧ ಅಂಗಿ ತಂದರೆ ದಪ್ಪಗಿರುವವಳ ಕಂಕುಳು ಹರಿಯುತ್ತದೆ, ಸಣ್ಣ ಹುಡುಗನ ತೋಳು ಸಾಂಬಾರಿಗೆ ಇಳಿಯುತ್ತದೆ. ಅಳತೆ ಕೊಟ್ಟೇ ಹೊಲಿಸಿ. ಕಾಲರಿನ ಒಳಗೆ ಒಬ್ಬೊಬ್ಬರದಕ್ಕೆ ಒಂದೊಂದು ಬಣ್ಣದ ದಾರದಲ್ಲಿ ಗುರುತು ಹಾಕಿದರೆ ಒಗೆದು ಬಂದ ಮೇಲೆ ಜಗಳವಿಲ್ಲ.

ಈ ದುಡ್ಡನ್ನು ಕೆಲಸದವರ ಸಂಬಳದಲ್ಲಿ ಮುರಿದುಕೊಳ್ಳುವ ಕಡೆಗಳಿವೆ. ನಿಮ್ಮಲ್ಲಿ ಹಾಗಾಗದಿರಲಿ. ಸಮವಸ್ತ್ರ ಬೇಕಾದದ್ದು ಹೋಟೆಲಿಗೆ. ಗ್ಯಾಸಿನ ಬಿಲ್ಲಿನಂತೆ ಅದೂ ಹೋಟೆಲಿನ ಖರ್ಚು. ಒಗೆತವೂ ಅಷ್ಟೇ. ರಾತ್ರಿ ಹತ್ತಕ್ಕೆ ಮನೆ ಸೇರುವವಳು, ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ, ಎಣ್ಣೆ ಹಿಡಿದ ಕೋಟನ್ನು ಹೇಗೆ ಒಗೆದಾಳು? ನಿಮ್ಮ ಹಿತ್ತಲಲ್ಲೇ ಒಗೆಸಿ, ಒಣಗಿಸಿ. ಬಟ್ಟೆ ಬದಲಾಯಿಸಲು ಬಾಗಿಲಿರುವ, ಚಿಲಕ ಬೀಳುವ ಒಂದು ಮೂಲೆ ಮಾಡಿಕೊಡಿ. ಉಗ್ರಾಣದ ಅಕ್ಕಿ ಮೂಟೆಗಳ ಹಿಂದೆ ಪರದೆ ಕಟ್ಟಿದರೆ ಸಾಲದು.

ಇಷ್ಟಾದರೂ ಎಂದಾದರೂ ಎಣ್ಣೆ ಚೆಲ್ಲೀತು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಗೊಡಬೇಡಿ, ನೆಲಕ್ಕೆ ಉರುಳಿಸಿ, ದಪ್ಪ ಹತ್ತಿ ಕಂಬಳಿ ಹೊದಿಸಿ ಆರಿಸಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್, ಶಾಯಿ, ಹಿಟ್ಟು ಯಾವುದನ್ನೂ ಹಚ್ಚಬೇಡಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಅದನ್ನು ವೈದ್ಯರೇ ತೆಗೆಯಲಿ.

ಥಾನಿಗೆ ಕತ್ತರಿ ಹಾಕುವ ಮೊದಲು ಒಂದೇ ಒಂದು ಕೋಟು ಹೊಲಿಸಿ, ನಿಮ್ಮ ಅಡುಗೆಯಮ್ಮನಿಗೆ ಒಂದು ವಾರ ತೊಡಲು ಕೊಡಿ. ದಿನವೂ ಒಗೆಸಿ. ಎಂಟನೆಯ ದಿನ ಅವಳನ್ನು ಕೂರಿಸಿಕೊಂಡು ಕೇಳಿ: ಕಂಕುಳಲ್ಲಿ ಬಿಗಿಯುತ್ತದೆಯೇ, ಬಗ್ಗಿದರೆ ಬೆನ್ನು ಹಿಡಿಯುತ್ತದೆಯೇ, ಜೇಬು ಯಾವ ಕಡೆ ಬೇಕು? "ಎಲ್ಲಾ ಚೆನ್ನಾಗಿದೆ ಅಮ್ಮಾವ್ರೇ" ಅಂತ ಮೊದಲು ಹೇಳಿಯೇ ಹೇಳುತ್ತಾಳೆ. ಒಂದು ಲೋಟ ಕಾಫಿ ಕೊಟ್ಟು ಇನ್ನೊಂದು ಸಲ ಕೇಳಿ.