ದಾರಿ ತಪ್ಪಿದ ಯೂಟ್ಯೂಬ್

2008ರ ಫೆಬ್ರವರಿ 24. ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಸರ್ವರ್ ಕೆಟ್ಟಿರಲಿಲ್ಲ, ಸಮುದ್ರದಡಿಯ ಕೇಬಲ್ ತುಂಡಾಗಿರಲಿಲ್ಲ. ಮತ್ತೇನಾಯ್ತು? ಪಾಕಿಸ್ತಾನದಿಂದ ಒಂದು ತಪ್ಪು ವಿಳಾಸ ಹೊರಬಿತ್ತು. ಜಗತ್ತು ಅದನ್ನ ನಂಬಿಬಿಡ್ತು!

ಇದು ಅರ್ಥವಾಗಬೇಕಾದರೆ ಇಂಟರ್ನೆಟ್ ಹೇಗೆ ಓಡುತ್ತೆ ಅಂತ ಗೊತ್ತಿರಬೇಕು. ನೀವು ಮಗಳಿಗೆ ಮೂರು ಎಂಬಿಯ ಒಂದು ಫೋಟೋ ಕಳಿಸ್ತೀರಿ ಅಂದುಕೊಳ್ಳಿ. ಅದು ಇಡಿಯಾಗಿ ಹೋಗೋದಿಲ್ಲ. ಹೆಚ್ಚೆಂದರೆ 1500 ಬೈಟ್‌ನ ಸುಮಾರು ಎರಡು ಸಾವಿರ ತುಂಡುಗಳಾಗುತ್ತೆ. ಇವೇ ಪ್ಯಾಕೆಟ್‌ಗಳು. ಒಂದೊಂದರ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಅನ್ನೋ ಐಪಿ ವಿಳಾಸ, ಜೊತೆಗೆ ಕ್ರಮಸಂಖ್ಯೆ. ಒಂದೊಂದು ತುಂಡು ಒಂದೊಂದು ದಾರಿ ಹಿಡಿಯಬಹುದು. ಹಿಂದೆಮುಂದೆ ತಲುಪಿದರೂ ಆ ಕಡೆಯ ಫೋನ್ ಕ್ರಮವಾಗಿ ಜೋಡಿಸಿಕೊಳ್ಳುತ್ತೆ. ಒಂದು ಕಳೆದುಹೋದರೆ ಅದನ್ನಷ್ಟೇ ಮತ್ತೆ ತರಿಸಿಕೊಳ್ಳುತ್ತೆ.

ದಾರಿ ತೋರಿಸೋರು ಯಾರು? ರೂಟರ್‌ಗಳು. ತಮಾಷೆ ಏನು ಗೊತ್ತಾ, ಯಾವ ರೂಟರ್‌ಗೂ ಪೂರ್ತಿ ದಾರಿ ಗೊತ್ತಿರೋದಿಲ್ಲ. ಸರ್ಕಲ್‌ನಲ್ಲಿ ನಿಂತ ಮನುಷ್ಯನ ಹಾಗೆ, "ಮುಂದಿನ ಸರ್ಕಲ್‌ಗೆ ಹೋಗಿ, ಅಲ್ಲಿ ಕೇಳಿ" ಅನ್ನುತ್ತೆ, ಅಷ್ಟೇ. ಯಾವ ವಿಳಾಸ ಯಾವ ಕಡೆ ಇದೆ ಅನ್ನೋದನ್ನ ನೆಟ್‌ವರ್ಕ್‌ಗಳೇ ಪರಸ್ಪರ ಹೇಳಿಕೊಳ್ಳುತ್ತವೆ. ಈ ಮಾತುಕತೆಯ ನಿಯಮಕ್ಕೆ ಬಿಜಿಪಿ ಅಂತ ಹೆಸರು.

ಎಡವಟ್ಟಾಗಿದ್ದು ಇಲ್ಲೇ. ಯೂಟ್ಯೂಬ್ ಬಂದ್ ಮಾಡಿ ಅಂತ ಪಾಕಿಸ್ತಾನ ಸರ್ಕಾರ ಆದೇಶಿಸಿತ್ತು. ಪಾಕಿಸ್ತಾನ್ ಟೆಲಿಕಾಂ, "ಯೂಟ್ಯೂಬ್ ವಿಳಾಸಕ್ಕೆ ನನ್ನ ಕಡೆ ಬನ್ನಿ" ಅಂತ ಘೋಷಿಸಿತು. ತನ್ನ ದೇಶದವರ ಪ್ಯಾಕೆಟ್‌ಗಳನ್ನು ಹಳ್ಳಕ್ಕೆ ತಳ್ಳೋದು ಉದ್ದೇಶ. ಆದರೆ ಆ ಘೋಷಣೆ ಗಡಿ ದಾಟಿತು. ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯೂ ಕಂಪನಿ ಅದನ್ನು ಪರಿಶೀಲಿಸದೆ ಜಗತ್ತಿಗೇ ಹಂಚಿತು.

ನಿಜವಾದ ಯೂಟ್ಯೂಬ್‌ನ ಮಾತನ್ನು ರೂಟರ್‌ಗಳು ಯಾಕೆ ಕೇಳಲಿಲ್ಲ? ಒಬ್ಬ "ರಾಜಾಜಿನಗರಕ್ಕೆ ಈ ಕಡೆ" ಅಂತಾನೆ. ಇನ್ನೊಬ್ಬ "ರಾಜಾಜಿನಗರ ಎರಡನೇ ಬ್ಲಾಕ್‌ಗೆ ಆ ಕಡೆ" ಅಂತಾನೆ. ಎರಡನೇ ಬ್ಲಾಕ್‌ಗೆ ಹೋಗೋ ನೀವು ಯಾರ ಮಾತು ಕೇಳ್ತೀರಿ? ಹೆಚ್ಚು ನಿಖರವಾಗಿ ಹೇಳಿದವನದ್ದು ತಾನೇ! ರೂಟರ್ ನಿಯಮವೂ ಅದೇ. ಪಾಕಿಸ್ತಾನದ ಘೋಷಣೆ ಹೆಚ್ಚು ನಿಖರವಾಗಿತ್ತು, ಸುಳ್ಳಾಗಿದ್ದರೂ! ಯೂಟ್ಯೂಬ್ ತಾನೂ ಅಷ್ಟೇ ನಿಖರವಾಗಿ, ಆಮೇಲೆ ಇನ್ನೂ ನಿಖರವಾಗಿ ಕೂಗಿ ಹೇಳಬೇಕಾಯ್ತು. ಎಲ್ಲ ಸರಿಹೋಗೋಕೆ ಸುಮಾರು ಎರಡು ಗಂಟೆ ಹಿಡೀತು.

ಈಗ ಮದ್ದು ಇದೆ. ಆರ್‌ಪಿಕೆಐ ಅಂತ. ಯಾವ ವಿಳಾಸವನ್ನು ಘೋಷಿಸೋ ಹಕ್ಕು ಯಾರಿಗಿದೆ ಅನ್ನೋದಕ್ಕೆ ಡಿಜಿಟಲ್ ಪ್ರಮಾಣಪತ್ರ, ಒಂಥರಾ ಪಹಣಿ. ಆದರೆ ಪಹಣಿ ಇದ್ದರೆ ಸಾಲದು, ಅದನ್ನ ತೆಗೆದು ನೋಡೋರೂ ಬೇಕು. ಎಲ್ಲ ನೆಟ್‌ವರ್ಕ್‌ಗಳೂ ಇನ್ನೂ ನೋಡ್ತಿಲ್ಲ.

ಅವತ್ತು ನಿಂತಿದ್ದು ವಿಡಿಯೋ. ಇವತ್ತು ಇದೇ ದಾರಿಯಲ್ಲಿ ನಮ್ಮ ಬ್ಯಾಂಕು, ತರಕಾರಿ ಅಂಗಡಿಯ ಯುಪಿಐ, ಆಸ್ಪತ್ರೆಯ ರಿಪೋರ್ಟು ಎಲ್ಲ ಓಡಾಡ್ತಿವೆ. ನಾನು ಕೇಳೋದು ಇಷ್ಟೇ: ನಮಗೆ ಇಂಟರ್ನೆಟ್ ಕೊಡೋ ಕಂಪನಿಗಳು ಸ್ಪೀಡ್ ಎಷ್ಟು ಅಂತ ಜಾಹೀರಾತು ಕೊಡುತ್ತವೆ. ದಾರಿ ಹೇಳಿದವನು ಯಾರು ಅಂತ ಪರಿಶೀಲಿಸ್ತೀವಿ ಅನ್ನೋದನ್ನೂ ಹೇಳಲಿ.