ಹೊಲದ ಗಿಳಿಗೆ ಆಗದ್ದು ಪಂಜರದ ಗಿಳಿಗೆ ಯಾಕಾಗುತ್ತದೆ?

"ಹೊಲದಲ್ಲಿ ಗಿಳಿಗಳು ಸೂರ್ಯಕಾಂತಿ ತೆನೆಗೇ ಮುತ್ತಿಗೆ ಹಾಕ್ತವೆ. ಅವಕ್ಕೇನೂ ಆಗಲ್ಲ, ನಮ್ಮನೆ ಕಾಕಟೀಲ್‌ಗೆ ಏನಾಗುತ್ತೆ?" ಬೆಂಗಳೂರಿನ ಮತ್ತಿಕೆರೆಯಲ್ಲಿ ಬಾಲ್ಕನಿಗೆ ಪಂಜರ ತೂಗುಹಾಕಿದವರ ವಾದ ಇದು. (ನಮ್ಮ ನಾಡಿನ ಹಸಿರು ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ, ಇಲ್ಲಿನ ಮಾತು ಕಾಕಟೀಲ್, ಬಡ್ಜಿ, ಲವ್‌ಬರ್ಡ್‌ಗಳದ್ದು.)

ವಾದದ ಮೊದಲರ್ಧ ಸರಿ. ಆದರೆ ಹೊಲಕ್ಕೆ ಲಗ್ಗೆಯಿಡುವ ಗಿಳಿ ಹೊಟ್ಟೆಪಾಡಿಗೆ ದಿನವೂ ಕಿಲೋಮೀಟರುಗಟ್ಟಲೆ ಹಾರುತ್ತದೆ, ಸೂರ್ಯಕಾಂತಿ ಅದಕ್ಕೆ ಸಿಗುವುದು ಫಸಲಿನ ಕೆಲವು ವಾರ ಮಾತ್ರ. ಸಿಪ್ಪೆ ಬಿಡಿಸಿದ ಆ ಬೀಜದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ. ಕಡ್ಡಿಯಿಂದ ಕಡ್ಡಿಗೆ ಜಿಗಿಯುವುದಷ್ಟೇ ಓಡಾಟವಾದ ಹಕ್ಕಿಗೆ ವರ್ಷವಿಡೀ ಅದನ್ನೇ ಹಾಕಿದರೆ, ಖರ್ಚಾಗದ ಕೊಬ್ಬು ಲಿವರ್‌ನಲ್ಲಿ ಕೂರುತ್ತದೆ.

"ಬೇಕಾದ್ದನ್ನ ಅದೇ ಆರಿಸ್ಕೊಳ್ಳುತ್ತೆ" ಅನ್ನುವವರೂ ಇದ್ದಾರೆ. ಆರಿಸಿಕೊಳ್ಳುತ್ತದೆ, ರುಚಿಯಾದ್ದನ್ನು. ಮಿಶ್ರ ಕಾಳಿನ ಬಟ್ಟಲನ್ನು ಸಂಜೆ ಮೆಲ್ಲಗೆ ಊದಿ ನೋಡಿ: ತುಂಬಿದಂತೆ ಕಂಡದ್ದು ಬರೀ ಹೊಟ್ಟು, ಸೂರ್ಯಕಾಂತಿ ಖಾಲಿ, ತಳದಲ್ಲಿ ನವಣೆ ಹಾಗೇ ಬಿದ್ದಿರುತ್ತದೆ. ಹಾಗಂತ ನವಣೆಯೊಂದೇ ಸಾಕು ಅನ್ನುವಂತಿಲ್ಲ. ಅದರಲ್ಲಿ ಕೊಬ್ಬು ಕಡಿಮೆ, ಆದರೆ ಎ ಜೀವಸತ್ವವೂ ಕ್ಯಾಲ್ಸಿಯಮ್ಮೂ ಸಾಲದು. ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಮೊಳಕೆ ಹೆಸರುಕಾಳು ಬೇಕು. ಪೆಲೆಟ್ (ಹಕ್ಕಿಗಳ ಸಿದ್ಧ ಆಹಾರದ ಗುಳಿಗೆ) ರೂಢಿಯಾದರೆ ಇನ್ನೂ ಒಳ್ಳೆಯದು.

ಹಸಿಮೆಣಸಿನಕಾಯಿ ಲಿವರ್ ಸುಡುತ್ತದೆ ಎಂಬ ಹೆದರಿಕೆ ಸುಮ್ಮನೆ. ಹಕ್ಕಿಗಳಿಗೆ ಅದರ ಖಾರವೇ ತಟ್ಟುವುದಿಲ್ಲ. ಹೆದರಬೇಕಾದದ್ದು ಬೂಸ್ಟು ಹಿಡಿದ ಕಡಲೆಕಾಯಿಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು. ಅಫ್ಲಾಟಾಕ್ಸಿನ್ ಎಂಬ ಲಿವರ್ ವಿಷ ಪತ್ತೆಯಾದದ್ದೇ ಆಗ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು "ಲಿವರ್ ಕೆಟ್ಟರೆ ಕಣ್ಣು ಹಳದಿಯಾಗಬೇಕಲ್ಲ?" ಅನ್ನುವ ಮಾತು. ಅದು ಮನುಷ್ಯರ ಲೆಕ್ಕ. ಹಕ್ಕಿಗಳ ಪಿತ್ತದ ಮುಖ್ಯ ಬಣ್ಣ ಹಸಿರು, ಆದ್ದರಿಂದ ಕಾಮಾಲೆಯ ಹಳದಿ ಕಾಣುವುದೇ ಅಪರೂಪ. ನೋಡಬೇಕಾದದ್ದು ಹಿಕ್ಕೆಯಲ್ಲಿನ ಬಿಳಿ ಭಾಗ. ಅದು ಹಸಿರಿಗೋ ಹಳದಿಗೋ ತಿರುಗಿದರೆ ಅನುಮಾನ ಪಡಬೇಕು. ಕೊಕ್ಕು ಮೇಲಿಂದ ಮೇಲೆ ವಿಪರೀತ ಬೆಳೆಯುವುದೂ ಹಲವು ಸಲ ಲಿವರ್‌ನ ದೂರೇ; ಕತ್ತರಿಸಿ ಸುಮ್ಮನಾಗುವ ವಿಷಯವಲ್ಲ. ಲಿವರ್‌ಗೆಂದು ನೆಲನೆಲ್ಲಿ ರಸ ಹಿಂಡಿ ಕುಡಿಸುವ ಮನೆಮದ್ದಿನಲ್ಲಿ ಡೋಸಿನ ಅಂದಾಜೇ ಇರುವುದಿಲ್ಲ, ಕಾಕಟೀಲ್ ತೂಗುವುದೇ 80ರಿಂದ 100 ಗ್ರಾಂ.

ಇಷ್ಟು ಓದಿ ನಾಳೆಯೇ ಬೀಜ ನಿಲ್ಲಿಸಬೇಡಿ. ಕೊಬ್ಬಿದ ಹಕ್ಕಿ ಹಸಿದು ಕೂತರೆ ಲಿವರ್ ಇನ್ನಷ್ಟು ಹದಗೆಡುತ್ತದೆ. ವಾರಗಟ್ಟಲೆ ನಿಧಾನವಾಗಿ ಬದಲಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಕ ನೋಡಿ. ತೂಕ ಒಮ್ಮೆಲೇ ಇಳಿದರೆ, ಪಂಜರದಡಿಯ ಕಾಗದದ ಸಮೇತ ವೈದ್ಯರ ಹತ್ತಿರ ಹೊರಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಮತ್ತಿಕೆರೆಯಿಂದ ದೂರವೇನಲ್ಲ.