ಟ್ರಿಮ್ಮರ್ ಎಸೆಯೋ ಮುಂಚೆ ಪೋರ್ಟ್ ನೋಡಿ

ಕೇಬಲ್ಲನ್ನು ಒಂದು ಕಡೆ ವಾಲಿಸಿ, ಕೆಳಗೆ ಪುಸ್ತಕ ಒತ್ತುಕೊಟ್ಟರೆ ಮಾತ್ರ ಚಾರ್ಜ್ ಆಗೋ ಟ್ರಿಮ್ಮರ್ ಹಾಸ್ಟೆಲ್ಲಿನ ಪ್ರತಿ ಫ್ಲೋರಿನಲ್ಲೂ ಒಂದಾದರೂ ಇರುತ್ತೆ. ಸ್ವಲ್ಪ ದಿನಕ್ಕೆ ಅದೂ ನಿಂತು, ಸೀದಾ ಕಸದ ಬುಟ್ಟಿಗೆ. ಮೋಟಾರು ಗಟ್ಟಿ, ಬ್ಲೇಡು ಗಟ್ಟಿ. ಹೋಗಿರೋದು ಕೆಲವೇ ರೂಪಾಯಿಯ ಮೈಕ್ರೋ ಯುಎಸ್‌ಬಿ ಪೋರ್ಟ್.

ಮೊದಲು ಬೇರೆ ಕೇಬಲ್ ಹಾಕಿ ನೋಡೋಣ. ಆಮೇಲೆ ಪೋರ್ಟಿನೊಳಗೆ ಟಾರ್ಚ್ ಬಿಡೋಣ. ಎಣ್ಣೆ ಸೇರಿ ಗಟ್ಟಿಯಾದ ಕೂದಲಿನ ಪುಡಿ ಕಂಡರೆ ಮರದ ಟೂತ್‌ಪಿಕ್ಕಿನಲ್ಲಿ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು ಬೇಡ.

ಅದಕ್ಕೂ ಬಗ್ಗದಿದ್ದರೆ ಬಿಚ್ಚಲೇಬೇಕು. ಒಳಗಿನ ಸೆಲ್ ಉಬ್ಬಿದ್ದರೆ ರಿಪೇರಿ ಅಲ್ಲಿಗೇ ಮುಗೀತು, ಅದು ಇ-ತ್ಯಾಜ್ಯಕ್ಕೆ. ಸರಿ ಇದ್ದರೆ ಸೆಲ್ಲಿನ ವೈರುಗಳನ್ನು ಒಂದೊಂದಾಗಿ ಬಿಡಿಸಿ, ತುದಿಗೆ ಟೇಪ್ ಸುತ್ತಿ. ಎರಡನ್ನೂ ಒಟ್ಟಿಗೆ ಕಟರಿನಲ್ಲಿ ಕತ್ತರಿಸಿದರೆ ಆ ಕಟರೇ ಶಾರ್ಟ್ ಸರ್ಕ್ಯೂಟ್. ಲಿಥಿಯಂ ಸೆಲ್ ಜೊತೆ ಈ ತಮಾಷೆ ಬೇಡ.

ಈಗ ಪೋರ್ಟನ್ನು ಬೆರಳಲ್ಲಿ ಅಲುಗಾಡಿಸಿ. ಅದನ್ನು ಬೋರ್ಡಿಗೆ ಹಿಡಿದಿಡೋದು ಲೋಹದ ಕವಚದ ಕಾಲುಗಳು. ದಿನಾ ಕೇಬಲ್ ಎಳೆದೂ ಎಳೆದೂ ಅಲ್ಲಿನ ಬೆಸುಗೆ ಬಿರುಕು ಬಿಡುತ್ತೆ. ಆಮೇಲೆ ಭಾರವೆಲ್ಲ ಹಿಂದಿನ ಐದು ಸಣ್ಣ ಪಿನ್ನುಗಳ ಮೇಲೆ. ಬರೀ ಬಿರುಕಾದರೆ ಫ್ಲಕ್ಸ್ ಹಚ್ಚಿ ಹೊಸ ಬೆಸುಗೆ ಹಾಕಿದರೆ ಸಾಕು. ಐರನ್ನನ್ನು ತುಂಬ ಹೊತ್ತು ಒತ್ತಿ ಹಿಡಿದರೆ ಒಳಗಿನ ಪ್ಲಾಸ್ಟಿಕ್ ನಾಲಿಗೆ ಕರಗಿಹೋಗುತ್ತೆ. ಪಿನ್ನಿನ ಕೆಳಗಿನ ತಾಮ್ರವೇ ಎದ್ದು ಬಂದಿದ್ದರೂ ಗಾಬರಿ ಬೇಡ. ಸಾಧಾರಣ ಟ್ರಿಮ್ಮರಿನ ಚಾರ್ಜಿಂಗಿಗೆ ಬೇಕಿರೋದು ಎರಡು ತುದಿಯ ಪಿನ್ನುಗಳಷ್ಟೇ: ಒಂದು 5 ವೋಲ್ಟ್, ಇನ್ನೊಂದು ಗ್ರೌಂಡ್. ತೆಳ್ಳನೆ ವೈರು ಎಳೆದು ಮುಂದಿನ ಕಾಂಪೊನೆಂಟಿಗೇ ಸೇರಿಸಬಹುದು.

‘ಹೇಗೂ ಬಿಚ್ಚಿದೀವಿ, ಟೈಪ್-ಸಿ ಹಾಕಿಬಿಡೋಣ’ ಅನ್ನೋ ಆಸೆ ನಮಗೂ ಬರುತ್ತೆ. ಹಾಕಿ, ಆದರೆ ಒಂದು ಮಾತು. ಹಳೇ ಚೌಕದ ಯುಎಸ್‌ಬಿ ಅಡಾಪ್ಟರಿನಲ್ಲಿ 5 ವೋಲ್ಟ್ ಸದಾ ಇರುತ್ತೆ. ಎರಡೂ ಕಡೆ ಟೈಪ್-ಸಿ ಇರೋ ಕೇಬಲ್ಲಿನಲ್ಲಿ ಹಾಗಲ್ಲ; ಆಚೆ ಸಾಧನ ಇದೆ ಅಂತ ಗೊತ್ತಾಗೋವರೆಗೂ ಚಾರ್ಜರ್ ಕರೆಂಟೇ ಬಿಡೋದಿಲ್ಲ. ಅದನ್ನು ತಿಳಿಸೋದು ಸಿಸಿ1, ಸಿಸಿ2 ಪಿನ್ನುಗಳಿಂದ ಗ್ರೌಂಡಿಗೆ ಹಾಕೋ 5.1 ಕಿಲೋ ಓಮ್ ರೆಸಿಸ್ಟರ್. ಒಂದೊಂದು ಪಿನ್ನಿಗೂ ಬೇರೆ ಬೇರೆ. ಎರಡನ್ನೂ ಸೇರಿಸಿ ಒಂದೇ ರೆಸಿಸ್ಟರಿನಲ್ಲಿ ಮುಗಿಸೋಣ ಅಂದುಕೊಳ್ಳಬೇಡಿ: 2019ರ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳಲ್ಲಿ ಹಾಗೇ ಮಾಡಿದ್ದರು, ಒಳಗೆ ಚಿಪ್ ಇರುವ ಕೇಬಲ್ಲುಗಳಲ್ಲಿ ಅದು ಆನ್ ಆಗುತ್ತಲೇ ಇರಲಿಲ್ಲ. ಎಸ್.ಪಿ. ರೋಡಿನಲ್ಲಿ ಸಿಗೋ ಪುಟ್ಟ ಟೈಪ್-ಸಿ ಬೋರ್ಡುಗಳಲ್ಲೂ ಎಲ್ಲದಕ್ಕೂ ಈ ರೆಸಿಸ್ಟರ್ ಇರಲ್ಲ, ಕೊಳ್ಳುವಾಗಲೇ ತಿರುಗಿಸಿ ನೋಡಿ.

ಸೆಲ್ ಮತ್ತೆ ಜೋಡಿಸೋ ಮುಂಚೆ ಮಲ್ಟಿಮೀಟರಿನಲ್ಲಿ 5 ವೋಲ್ಟಿಗೂ ಗ್ರೌಂಡಿಗೂ ನಡುವೆ ಬೀಪ್ ಬರಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೊದಲ ಚಾರ್ಜಿಗೆ ಹಾಸಿಗೆ ಮೇಲಿಟ್ಟು ಮಲಗಬೇಡಿ. ಮೇಜಿನ ಮೇಲಿಟ್ಟು ಪಕ್ಕದಲ್ಲೇ ಕೂತಿರಿ, ಆಗಾಗ ಮುಟ್ಟಿ ನೋಡಿ. ಒಂದೇ 3.7 ವೋಲ್ಟಿನ ಲಿಥಿಯಂ ಸೆಲ್ ಆಗಿದ್ದರೆ ಸಾಮಾನ್ಯವಾಗಿ 4.2 ವೋಲ್ಟಿನ ಹತ್ತಿರ ಚಾರ್ಜಿಂಗ್ ತಾನಾಗೇ ನಿಲ್ಲಬೇಕು. ಅದನ್ನೂ ದಾಟಿ ಏರುತ್ತಿದ್ದರೆ ಕೇಬಲ್ ಕಿತ್ತುಬಿಡಿ. ತೊಂದರೆ ಪೋರ್ಟಿನದ್ದಲ್ಲ, ಚಾರ್ಜಿಂಗ್ ಸರ್ಕ್ಯೂಟಿನದ್ದು.